ಕುದುರೆ ಸವಾರರು ಕಾಲ್ನಡಿಗೆಯಲ್ಲಿ ಕಾದಿದ್ದೇಕೆ?

ಓದುಗರ ಪ್ರಶ್ನೆ: ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ಅವರ 'ರಫ್ ರೈಡರ್ಸ್' ಎಂಬ ಅಶ್ವದಳದವರು ಕುದುರೆ ಏರಿ ಹೋಗಿ ಕ್ಯೂಬಾದ ಸಾನ್ ಹುವಾನ್ ಗುಡ್ಡ ಗೆದ್ದರು ಎಂದು ಒಂದು ಕಡೆ ಓದಿದೆ. ಅವರ ಹತ್ತಿರ ಕುದುರೆಗಳೇ ಇರಲಿಲ್ಲ ಎನ್ನುತ್ತದೆ ಇನ್ನೊಂದು ಬರಹ. ಯಾವುದು ಸರಿ?

ಉತ್ತರ: ಎರಡನೆಯದು ಹೆಚ್ಚು ಸರಿ. ಕುದುರೆಗಳೇನೋ ಇದ್ದವು. ಆದರೆ ಯುದ್ಧ ನಡೆದದ್ದು ಕ್ಯೂಬಾದಲ್ಲಿ, ಕುದುರೆಗಳು ಉಳಿದದ್ದು ಫ್ಲಾರಿಡಾದಲ್ಲಿ.

1898ರ ಏಪ್ರಿಲ್‌ನಲ್ಲಿ ಅಮೆರಿಕ, ಕ್ಯೂಬಾವನ್ನು ಆಳುತ್ತಿದ್ದ ಸ್ಪೇನ್ ಮೇಲೆ ಯುದ್ಧ ಸಾರಿದಾಗ ಅದರ ಕಾಯಂ ಸೈನ್ಯದಲ್ಲಿ ಸುಮಾರು 28,000 ಮಂದಿ ಮಾತ್ರ ಇದ್ದರು. ಹಾಗಾಗಿ ಸ್ವಯಂಸೇವಕರನ್ನು ಕರೆದರು, ಮೂರು ಅಶ್ವದಳಗಳಿಗೂ ಅನುಮತಿ ಸಿಕ್ಕಿತು. ಅವುಗಳಲ್ಲಿ ಮೊದಲನೆಯದೇ 1ನೇ ಅಮೆರಿಕ ಸ್ವಯಂಸೇವಕ ಅಶ್ವದಳ, ಪತ್ರಿಕೆಗಳ ಬಾಯಲ್ಲಿ 'ರಫ್ ರೈಡರ್ಸ್'. ಉಳಿದೆರಡು ದೇಶ ಬಿಟ್ಟು ಹೊರಗೆ ಹೋಗಲೇ ಇಲ್ಲ, ಅದಕ್ಕೇ ಅವುಗಳ ಹೆಸರು ಯಾರಿಗೂ ನೆನಪಿಲ್ಲ. ದಳಪತಿ ಸೈನ್ಯದ ವೈದ್ಯ ಲೆನಾರ್ಡ್ ವುಡ್. ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿ ಹುದ್ದೆ ಬಿಟ್ಟು ಬಂದ ರೂಸ್‌ವೆಲ್ಟ್ ಅವರದು ಎರಡನೇ ಸ್ಥಾನ. ದಳವನ್ನು 'ರೂಸ್‌ವೆಲ್ಟ್ ಅವರದು' ಎನ್ನುವುದು ಆಮೇಲೆ ಬಂದ ರೂಢಿ.

ಆಳುಗಳು ಬಂದದ್ದು ಮುಖ್ಯವಾಗಿ ಅರಿಜೋನಾ, ನ್ಯೂ ಮೆಕ್ಸಿಕೊ, ಒಕ್ಲಹೋಮ ಮತ್ತು ಅಮೆರಿಕದ ಮೂಲನಿವಾಸಿಗಳಿಗೆ ಬಿಟ್ಟಿದ್ದ ಇಂಡಿಯನ್ ಟೆರಿಟರಿಯಿಂದ. ಸವಾರಿ, ಗುರಿ ಎರಡೂ ಮೊದಲೇ ಬಲ್ಲವರು ಬೇಕು ಎಂಬುದೇ ಲೆಕ್ಕಾಚಾರ, ಏಕೆಂದರೆ ತರಬೇತಿಗೆ ಸಿಕ್ಕದ್ದು ಟೆಕ್ಸಸ್‌ನ ಸಾನ್ ಆಂಟೋನಿಯೊದಲ್ಲಿ ಒಂದು ತಿಂಗಳಿಗೂ ಕಡಿಮೆ. ಆ ಅವಧಿಯ ಬಹುಪಾಲು ಕುದುರೆಗಳನ್ನು ಪಳಗಿಸುವುದರಲ್ಲೇ ಹೋಯಿತು. ಮುಂದೆ ಆದದ್ದನ್ನು ನೋಡಿದರೆ ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಕುದುರೆಗಳು ಕೈತಪ್ಪಿದ್ದು ಫ್ಲಾರಿಡಾದ ಟ್ಯಾಂಪಾ ಬಂದರಿನಲ್ಲಿ. ಊರಿನಿಂದ ಹಡಗುಕಟ್ಟೆಗೆ ಒಂಬತ್ತು ಮೈಲಿ, ನಡುವೆ ಇದ್ದದ್ದು ಒಂದೇ ರೈಲು ಹಳಿ. ಸಾಮಾನು ತುಂಬಿದ ನೂರಾರು ವ್ಯಾಗನ್‌ಗಳು ಹಿಂದೆ ನಿಂತಿದ್ದವು. ಒಳಗೇನಿದೆ ಎಂಬ ಪಟ್ಟಿ ಹಲವಕ್ಕೆ ಇರಲಿಲ್ಲ. ಬಂದೂಕಿದೆಯೋ ಬಿಸ್ಕತ್ತಿದೆಯೋ ಎಂದು ಅಧಿಕಾರಿಗಳು ಒಂದೊಂದನ್ನೇ ತೆರೆದು ನೋಡಬೇಕಿತ್ತು. ಬಾಡಿಗೆಗೆ ಹಿಡಿದ ವ್ಯಾಪಾರಿ ಹಡಗುಗಳಲ್ಲಿ 25,000 ಜನ ಹಿಡಿಯುತ್ತಾರೆಂದು ಎಣಿಸಿದ್ದರು. ನಿಜಕ್ಕೂ ಹಿಡಿದದ್ದು ಸುಮಾರು 17,000. ಕುದುರೆ, ಹೇಸರಗತ್ತೆ ಎಲ್ಲ ಸೇರಿ ಸುಮಾರು 2,300 ಪ್ರಾಣಿಗಳಿಗಷ್ಟೇ ಜಾಗ ಸಿಕ್ಕಿತು. ಫಿರಂಗಿ, ಗಾಡಿ ಎಳೆಯುವ ಪ್ರಾಣಿಗಳನ್ನು ಬಿಡುವಂತಿರಲಿಲ್ಲ, ಬಿಟ್ಟದ್ದು ಸವಾರಿ ಕುದುರೆಗಳನ್ನು. ರಫ್ ರೈಡರ್ಸ್ ದಳದ 12 ತುಕಡಿಗಳಲ್ಲಿ ಎಂಟು ಮಾತ್ರ ಹೋಗಬೇಕು, ತುಕಡಿಗೆ 70 ಆಳು, ಅಧಿಕಾರಿಗಳಿಗೆ ಮಾತ್ರ ಕುದುರೆ ಎಂಬ ಆಜ್ಞೆ ಬಂತು. ನಾಲ್ಕು ತುಕಡಿಗಳು ಕುದುರೆ ಕಾಯುತ್ತ ಟ್ಯಾಂಪಾದಲ್ಲೇ ಉಳಿದವು. ಹೊರಟವರೂ ಕಲ್ಲಿದ್ದಲು ವ್ಯಾಗನ್ ಹತ್ತಿ ಬಂದರು ಸೇರಿ, ಬೇರೆ ಎರಡು ದಳಗಳಿಗೆ ಗೊತ್ತುಮಾಡಿದ್ದ 'ಯುಕಟಾನ್' ಹಡಗಿಗೆ ಮೊದಲೇ ನುಗ್ಗಿ ಜಾಗ ಹಿಡಿದರು. ಆಮೇಲೆ ಸ್ಪೇನಿನ ಹಡಗುಗಳು ಕಂಡವೆಂಬ ಸುಳ್ಳು ಸುದ್ದಿಯಿಂದಾಗಿ ಜೂನ್ 14ರವರೆಗೆ ಅದರಲ್ಲೇ ಬೇಯಬೇಕಾಯಿತು.

'ಕ್ಯೂಬಾದ ಕಾಡಿನಲ್ಲಿ ಕುದುರೆ ನಡೆಯದು, ಅದಕ್ಕೇ ಬಿಟ್ಟುಹೋದರು' ಎಂಬ ವಿವರಣೆಯನ್ನು ಬಹಳ ಕಡೆ ನೋಡುತ್ತೇವೆ. ಇದು ಹಿಂದುಮುಂದಾದ ಮಾತು. ಕಿರಿದಾದ ದಾರಿ, ಮುಳ್ಳುತಂತಿ ಬೇಲಿ ನಿಜವೇ. ಆದರೆ ತೀರ್ಮಾನ ಆದದ್ದು ಹಡಗಿನ ಜಾಗ ನೋಡಿ, ನೆಲ ನೋಡಿ ಅಲ್ಲ. ಕಾಯಂ ಸೈನ್ಯದ ಅಶ್ವದಳಗಳ ಪಾಡೂ ಇದೇ ಆಯಿತು. 2ನೇ ಅಶ್ವದಳದ ಒಂದು ಸ್ಕ್ವಾಡ್ರನ್ (ಕೆಲವು ತುಕಡಿಗಳ ಗುಂಪು) ಮಾತ್ರ ಕುದುರೆ ಸಮೇತ ಹೋಯಿತು.

ಜೂನ್ 22ರಂದು ಡೈಕಿರಿಯಲ್ಲಿ ಇಳಿದಾಗ ಪ್ರಾಣಿಗಳನ್ನು ಇಳಿಸಲು ತಕ್ಕ ಕಟ್ಟೆಯಿರಲಿಲ್ಲ. ಕುದುರೆಗಳನ್ನು ಸಮುದ್ರಕ್ಕೆ ತಳ್ಳಿ ಈಜಿಸಿದರು. ರೂಸ್‌ವೆಲ್ಟ್ ತಂದಿದ್ದ ಎರಡರಲ್ಲಿ ಒಂದು ಮುಳುಗಿತು, 'ಟೆಕ್ಸಸ್' ಎಂಬುದು ದಡ ಸೇರಿತು. ಸೈನಿಕರು ತಮ್ಮನ್ನು ತಾವೇ 'ವುಡ್ ಸಾಹೇಬರ ದಣಿದ ಪಾದಚಾರಿಗಳು' ಎಂದು ಹಾಸ್ಯ ಮಾಡಿಕೊಂಡರು.

ಸವಾರನನ್ನು ನೆಲಕ್ಕಿಳಿಸಿದರೆ ಏನಾಗುತ್ತದೆ? ಒಂದು ಲಾಭವಿದೆ. ಆ ಕಾಲದ ಅಶ್ವದಳ ಇಳಿದು ಕಾದುವಾಗ ನಾಲ್ವರಲ್ಲಿ ಒಬ್ಬ ಉಳಿದ ಮೂವರ ಕುದುರೆ ಹಿಡಿದು ಹಿಂದೆ ನಿಲ್ಲಬೇಕು, ಅಂದರೆ ಕಾಲುಭಾಗ ಬಂದೂಕು ಸಾಲಿಗೆ ಬರುವುದೇ ಇಲ್ಲ. ಇಲ್ಲಿ ಎಲ್ಲರೂ ಸಾಲಿನಲ್ಲೇ ಇದ್ದರು. ನಷ್ಟಗಳೇ ಹೆಚ್ಚು. ಜೀನಿನ ಮೇಲೆ ಹೋಗಬೇಕಿದ್ದ ಹೊರೆ ಹೆಗಲಿಗೆ ಬಂತು. ಕಂಬಳಿ ಸುರುಳಿ, ಅರ್ಧ ಗುಡಾರ, ಗುಂಡು, ನೀರು ಹೊತ್ತು, ದಪ್ಪ ಫ್ಲಾನೆಲ್ ಅಂಗಿಯಲ್ಲಿ ಉಷ್ಣವಲಯದ ಬಿಸಿಲಿಗೆ ನಡೆದವರು ದಾರಿಯುದ್ದಕ್ಕೂ ಕಂಬಳಿ ಬಿಸಾಡಿದರು. ರಾತ್ರಿ ಮಳೆ ಸುರಿದಾಗ ಅದೇ ಕಂಬಳಿ ಬೇಕಾಗುತ್ತಿತ್ತು. ಹೇಸರಗತ್ತೆ ಸಾಲದ್ದರಿಂದ ಆಹಾರ ತೀರದಲ್ಲೇ ಕೊಳೆಯಿತು. ತೀರದ ಉಗ್ರಾಣದಲ್ಲಿ ಹುರುಳಿಕಾಯಿ ಬೀಜ ಇದೆಯೆಂದು ತಿಳಿದು ಹೋದ ರೂಸ್‌ವೆಲ್ಟ್‌ಗೆ ಅದು ಅಧಿಕಾರಿಗಳಿಗೆ ಮಾತ್ರ ಎಂಬ ನಿಯಮ ಎದುರಾಯಿತು. ಅಧಿಕಾರಿಗಳ ಊಟಕ್ಕೇ ಎಂದು ಹೇಳಿ 1,100 ಪೌಂಡ್ ಕೊಂಡು ತಂದರು.

ಆಯುಧದಲ್ಲಿ ಮಾತ್ರ ಅದೃಷ್ಟ ಒಲಿದಿತ್ತು. ಇತರ ಸ್ವಯಂಸೇವಕ ದಳಗಳ ಹಳೇ ಸ್ಪ್ರಿಂಗ್‌ಫೀಲ್ಡ್ ಬಂದೂಕು ಕರಿಮದ್ದಿನದು. ಹಾರಿಸಿದ ಕೂಡಲೇ ಏಳುವ ಹೊಗೆಯೇ ಶತ್ರುವಿಗೆ ಗುರಿ ತೋರಿಸುತ್ತಿತ್ತು. ಇವರಿಗೆ ಸಿಕ್ಕದ್ದು ಹೊಗೆರಹಿತ ಮದ್ದಿನ ಕ್ರಾಗ್ ಕಾರ್ಬೈನ್ ಎಂಬ ಗಿಡ್ಡ ಬಂದೂಕು. ಆದರೂ ಕ್ರಾಗ್‌ಗೆ ಐದು ಗುಂಡುಗಳನ್ನು ಪಕ್ಕದ ಬಾಗಿಲು ತೆರೆದು ಬಿಡಿಬಿಡಿಯಾಗಿ ತುಂಬಬೇಕು, ಸ್ಪೇನಿನ 7 ಮಿ.ಮೀ. ಮೌಸರ್‌ಗೆ ಐದನ್ನೂ ಕ್ಲಿಪ್‌ನಿಂದ ಒಂದೇ ಒತ್ತಿಗೆ ಇಳಿಸಬಹುದು. ಕತ್ತಿಯ ಬದಲು ಮಚ್ಚು ಕೊಟ್ಟಿದ್ದರು, ಅದು ಪೊದೆ ಕಡಿಯುವುದಕ್ಕಾದರೂ ಬಂತು.

ಜೂನ್ 24ರಂದು ಲಾಸ್ ಗ್ವಾಸಿಮಾಸ್‌ನಲ್ಲಿ ಮೊದಲ ಕಾದಾಟ. ಕಾಣದ ಶತ್ರುವಿನ ಗುಂಡಿಗೆ ಅಮೆರಿಕದ ಕಡೆ 16 ಮಂದಿ ಸತ್ತರು, ಅವರಲ್ಲಿ ಎಂಟು ಜನ ಈ ದಳದವರು. ಬಳಿಕ ಈ ದಳವೂ ಸೇರಿದ್ದ ಬ್ರಿಗೇಡಿನ ದಂಡನಾಯಕ ಜ್ವರ ಹಿಡಿದು ಮಲಗಿದಾಗ ವುಡ್ ಆ ಜಾಗಕ್ಕೆ ಏರಿದರು, ದಳ ರೂಸ್‌ವೆಲ್ಟ್ ಕೈಗೆ ಬಂತು.

ಜುಲೈ 1ರಂದು ಅವರು ಮೊದಲು ಏರಿದ್ದು ಸಾನ್ ಹುವಾನ್ ಗುಡ್ಡವನ್ನಲ್ಲ, ಅದರ ಮುಂದಿನ ಕೆಟಲ್ ಹಿಲ್ ಎಂಬ ದಿಬ್ಬವನ್ನು. ಅಲ್ಲಿ ಸಕ್ಕರೆ ಕಾಯಿಸುವ ದೊಡ್ಡ ಕೊಪ್ಪರಿಗೆ ಇದ್ದದ್ದರಿಂದ ಆ ಹೆಸರು. ಕಪ್ಪು ಸೈನಿಕರ ಕಾಯಂ ದಳಗಳಾದ 9 ಮತ್ತು 10ನೇ ಅಶ್ವದಳಗಳೂ ಜೊತೆಜೊತೆಗೇ ಏರಿದವು, ಕಥೆಗಳಲ್ಲಿ ಅವರಿಗೆ ಸಲ್ಲಬೇಕಾದ ಪಾಲು ಸಿಕ್ಕಿಲ್ಲ. ದಳದಲ್ಲಿ ಕುದುರೆಯ ಮೇಲಿದ್ದು ಎಲ್ಲರ ಕಣ್ಣಿಗೆ ಬಿದ್ದವರು ರೂಸ್‌ವೆಲ್ಟ್. ತುದಿಗೆ ಇನ್ನೂ ಸ್ವಲ್ಪ ದೂರವಿರುವಾಗ ತಂತಿಬೇಲಿ ಅಡ್ಡ ಬಂತು, ಅವರೂ ಇಳಿದು ಓಡಿದರು. ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಆ ಒಂದು ಕುದುರೆ. ಅದೇ ಆಮೇಲೆ ನೂರಾರು ಕುದುರೆಗಳಾಯಿತು.

ಎಡಗಡೆ ಲೆಫ್ಟಿನೆಂಟ್ ಪಾರ್ಕರ್ ಅವರ, ಹಿಡಿ ತಿರುಗಿಸಿ ಎಡೆಬಿಡದೆ ಹಾರಿಸುವ ಗ್ಯಾಟ್ಲಿಂಗ್ ಬಂದೂಕುಗಳು ಗುಡ್ಡದ ನೆತ್ತಿಗೆ ಗುಂಡು ಸುರಿಸದಿದ್ದರೆ ದಾಳಿ ಎಷ್ಟು ದೂರ ಹೋಗುತ್ತಿತ್ತೋ. ಕೆಟಲ್ ಹಿಲ್‌ನಿಂದ ಮುಂದಿನ ಸಾಲಿಗೆ ರೂಸ್‌ವೆಲ್ಟ್ ಓಡಿದಾಗ ಹಿಂದೆ ಬಂದವರು ಐದೇ ಜನ. ಗದ್ದಲದಲ್ಲಿ ಆಜ್ಞೆ ಯಾರಿಗೂ ಕೇಳಿರಲಿಲ್ಲ. ಹಿಂತಿರುಗಿ ಬಂದು ಮತ್ತೆ ಕೂಗಿ ಕರೆದೊಯ್ಯಬೇಕಾಯಿತು. ಆ ದಿನ ಸುಮಾರು 490 ಮಂದಿಯಲ್ಲಿ 80ಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಗಾಯಗೊಂಡರು.

ಜುಲೈ 17ಕ್ಕೆ ಆ ಗುಡ್ಡಗಳ ಹಿಂದಿನ ಸಾಂಟಿಯಾಗೊ ನಗರ ಶರಣಾಯಿತು. ಆಮೇಲೆ ಕಾಡಿದ್ದು ಮಲೇರಿಯಾ. ಆಗಸ್ಟ್ 3ರಂದು ಅಧಿಕಾರಿಗಳೆಲ್ಲ ಸೇರಿ 'ಸೈನ್ಯವನ್ನು ಇಲ್ಲಿಂದ ತೆಗೆಯಿರಿ, ಇಲ್ಲವಾದರೆ ಅಳಿಯುತ್ತದೆ' ಎಂಬರ್ಥದ ಪತ್ರಕ್ಕೆ ಸಹಿ ಹಾಕಿದರು. ಅದು ಪತ್ರಿಕೆಗೆ ಸೋರಿತು, ಸರ್ಕಾರ ಎಚ್ಚೆತ್ತಿತು. 'ಮಯಾಮಿ' ಹಡಗಿನಲ್ಲಿ ಅವರು ನ್ಯೂಯಾರ್ಕ್ ಬಳಿಯ ಮಾಂಟಾಕ್ ಪಾಯಿಂಟ್‌ಗೆ ಬಂದರು. ಟ್ಯಾಂಪಾದಲ್ಲಿ ಉಳಿದ ನಾಲ್ಕು ತುಕಡಿಗಳೂ ಕುದುರೆಗಳೊಡನೆ ಅಲ್ಲಿಗೇ ಬಂದವು. ಅಂತೂ ಇಡೀ ದಳ ತನ್ನ ಕುದುರೆಗಳ ಜೊತೆ ಒಂದೆಡೆ ಸೇರಿದ್ದು ಯುದ್ಧ ಮುಗಿದ ಮೇಲೆ. ಸೆಪ್ಟೆಂಬರ್ 15ರಂದು ದಳವನ್ನು ವಿಸರ್ಜಿಸಿದರು.