ವಿಕೆಡ್ ಸಿನಿಮಾ ಎರಡೂ ನೋಡಾಯ್ತು, ಈಗ ಸೀದಾ ಮೂರನೇ ಪುಸ್ತಕ ಓದ್ಲಾ?

ಬೇಡ. ಉತ್ತರ ಇಷ್ಟೇ, ಅರ್ಜೆಂಟ್ ಇರೋರು ಇಲ್ಲಿಗೇ ಎದ್ದು ಹೋಗ್ಬಹುದು.

ಇದೇ ಪ್ರಶ್ನೆಗೆ ಎಷ್ಟು ಸಲ ಟೈಪ್ ಮಾಡಿದೀನೋ ಲೆಕ್ಕ ಇಲ್ಲ. ಕೇಳೋರ ಲೆಕ್ಕಾಚಾರ ಏನಂದ್ರೆ, 2024ರ ವಿಕೆಡ್ ಒಂದನೇ ಪುಸ್ತಕ, 2025ರ ವಿಕೆಡ್ ಫಾರ್ ಗುಡ್ ಎರಡನೇ ಪುಸ್ತಕ, ಹಾಗಾದ್ರೆ ಮುಂದಿನ ಕತೆಗೆ ಆಜ್ ಅನ್ನೋ ಮಾಯಾಲೋಕದ ಬಗ್ಗೆ ಗ್ರೆಗರಿ ಮಗ್ವಾಯರ್ ಬರೆದ ಕಾದಂಬರಿ ಸರಣಿಯ ಮೂರನೇದು, ಎ ಲಯನ್ ಅಮಂಗ್ ಮೆನ್ ಎತ್ಕೊಂಡ್ರೆ ಆಯ್ತು. ಕೇಳೋಕೆ ಚೆನ್ನಾಗಿದೆ. ಶುದ್ಧ ತಪ್ಪು.

ಎರಡು ಸಿನಿಮಾನೂ ಒಂದೇ ನಾಟಕದ ಎರಡು ಅಂಕ ಮಾರಾಯ್ರೆ. ಮೊದಲ ಪುಸ್ತಕ ಇಟ್ಕೊಂಡು 2003ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಲಿ ಶುರುವಾದ ಮ್ಯೂಸಿಕಲ್ (ಹಾಡಿನ ನಾಟಕ) ಅದು, ಸ್ಟೇಜ್ ಮೇಲಾದ್ರೆ ಒಂದು ಕಾಫಿ ಕುಡಿಯೋಷ್ಟು ಇಂಟರ್ವಲ್, ಸಿನಿಮಾದವರು ಅದನ್ನೇ ಒಂದು ವರ್ಷ ಎಳೆದ್ರು. ಎರಡನೇ ಪುಸ್ತಕ ಸನ್ ಆಫ್ ಎ ವಿಚ್ ಬಂದಿದ್ದು 2005ರಲ್ಲಿ. ನಾಟಕ ಶುರುವಾದಾಗ ಆ ಪುಸ್ತಕ ಹುಟ್ಟೇ ಇರ್ಲಿಲ್ಲ, ಇನ್ನು ಅದರಿಂದ ಎತ್ಕೊಳೋದು ಎಲ್ಲಿಂದ?

ಅದೂ ಸಾಲ್ದು ಅಂದ್ರೆ ಕತೆ ನೋಡಿ (ಗುಟ್ಟು ರಟ್ಟಾಗುತ್ತೆ, ಬೇಡದೋರು ಮುಂದಿನ ಪ್ಯಾರಾಗೆ ಹಾರಿ). ಸಿನಿಮಾದಲ್ಲಿ ಹಸಿರು ಮೈಯ ಮಾಟಗಾತಿ ಎಲ್ಫಬಾ ಸತ್ತ ಹಾಗೆ ನಾಟಕ ಆಡಿ ತನ್ನ ಪ್ರೇಮಿ ಫಿಯೆರೋ ಜೊತೆ ಹೊರಟುಹೋಗ್ತಾಳೆ, ಅವನು ಬೆದರುಬೊಂಬೆ ಆಗಿರ್ತಾನೆ. 1995ರ ಮೊದಲ ಕಾದಂಬರೀಲಿ ಅವಳು ನಿಜಕ್ಕೂ ಸಾಯ್ತಾಳೆ, ಬಟ್ಟೆಗೆ ಬೆಂಕಿ ಹತ್ತಿದಾಗ ಆರಿಸೋಕೆ ಅಂತ, ಆಜ್‌ಗೆ ಬಂದ ಹುಡುಗಿ ಡೊರೊಥಿ ಎರಚಿದ ನೀರಿಂದ. ಫಿಯೆರೋ ಅಲ್ಲಿ ಹೆಂಡ್ತಿ ಮಕ್ಕಳಿರೋ ಮನುಷ್ಯ, ಅವನ ಕತೆ ಮೊದಲೇ ಮುಗಿದಿರುತ್ತೆ, ಡೊರೊಥಿ ಜೊತೆ ಬರೋ ಬೆದರುಬೊಂಬೆ ಇವನೇ ಇರಬಹುದಾ ಅಂತ ಅವಳು ಆಸೆ ಪಡ್ತಾಳೆ, ಅದು ಅವನಲ್ಲ. ನನಗೆ ಆ ಭಾಗ ಸಿನಿಮಾದ ಎಲ್ಲಾ ಹಾಡಿಗಿಂತ ಜಾಸ್ತಿ ನಾಟಿತು. ಇವರಿಬ್ಬರ ಮಗ ಲಿಯರ್ ಅಂತ ಇದಾನೆ, ಎರಡನೇ ಪುಸ್ತಕದ ಹೀರೋನೇ ಅವನು, ಸಿನಿಮಾದಲ್ಲಿ ಹುಡುಕಿದ್ರೂ ಸಿಗಲ್ಲ.

2008ರ ಮೂರನೇ ಪುಸ್ತಕ ಇದೆಲ್ಲ ನಿಮಗೆ ಗೊತ್ತು ಅನ್ಕೊಂಡೇ ಶುರುವಾಗುತ್ತೆ. ಪುಕ್ಕಲು ಸಿಂಹ ಬ್ರ್‌ರ್ ಒಂದು ಮಠಕ್ಕೆ ಬಂದು, ಸಾಯೋಕೆ ಕಾಯ್ತಾ ಕೂತಿರೋ ಆದ್ರೆ ಸಾವೇ ಬರದ ಯಾಕಲ್ ಅನ್ನೋ ಮುದುಕೀನ ಪ್ರಶ್ನೆ ಮಾಡ್ತಾನೆ, ಅವಳು ಅವನನ್ನ ತಿರುಗಿ ಪ್ರಶ್ನೆ ಮಾಡ್ತಾಳೆ, ಹೊರಗೆ ಯುದ್ಧ ಹತ್ರ ಬರ್ತಾ ಇರುತ್ತೆ. ಹೆಚ್ಚುಕಮ್ಮಿ ಇಡೀ ಪುಸ್ತಕ ಮಾತು. ಸ್ಲೋ, ಒಪ್ಕೋತೀನಿ. ಆದ್ರೆ ತಾನು ಪುಕ್ಕಲ ಅಂತ ಹೆಸರಾಗಿದ್ದು ಹೇಗೆ ಅಂತ ಆ ಸಿಂಹ ತಡವರಿಸಿಕೊಂಡು ಹೇಳೋದು ಹಿಂದಿನ ಎರಡೂ ಓದಿದ್ರೆ ಮಾತ್ರ ತಟ್ಟುತ್ತೆ. ಓದೋದಾದ್ರೆ ಒಂದರಿಂದ ಶುರು ಮಾಡಿ, 2011ರ ಔಟ್ ಆಫ್ ಆಜ್‌ಗೆ ನಿಲ್ಸಿ. ಸಿನಿಮಾ ನೋಡಿ ಖುಷಿಪಟ್ಟ ಮಗಳಿಗೆ ಗಿಫ್ಟ್ ಕೊಡಬೇಡಿ, ಇದು ದೊಡ್ಡೋರ ಪುಸ್ತಕ.

ಅಂದಹಾಗೆ ಮಾಟಗಾತಿ ಮೈ ಹಸಿರು ಯಾಕೆ ಅಂತ ಯಾರೂ ಕೇಳಲ್ಲ, ಎಲ್ರೂ ಅದು ಮೂಲ ಕತೇಲೇ ಇದೆ ಅನ್ಕೊಂಡಿದಾರೆ. ಇಲ್ಲ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಬರೆದ ಮೂಲ ಪುಸ್ತಕ ದಿ ವಂಡರ್‌ಫುಲ್ ವಿಝಾರ್ಡ್ ಆಫ್ ಆಜ್‌ನಲ್ಲಿ ಅವಳು ಹಸಿರಲ್ಲ. ಹಸಿರು ಬಂದಿದ್ದು ಅದೇ ಕತೆಯ 1939ರ ಟೆಕ್ನಿಕಲರ್ (ಬಣ್ಣದ) ಸಿನಿಮಾದಿಂದ, ಡೊರೊಥಿಯ ಕೆಂಪು ಚಪ್ಪಲಿ ಬಂದಿದ್ದೂ ಅಲ್ಲಿಂದಲೇ, ಬಾಮ್ ಬರೆದಿದ್ದು ಬೆಳ್ಳಿ ಶೂ. ಹೆಸರು ಮಾತ್ರ ಮಗ್ವಾಯರ್ ಬಾಮ್‌ಗೆ ವಾಪಸ್ ಕೊಟ್ಟಿದಾರೆ, ಎಲ್, ಎಫ್, ಬಿ ಅಂತ ಜೋರಾಗಿ ಹೇಳ್ಕೊಂಡು ನೋಡಿ, ಎಲ್ಫಬಾ. ಬಾಮ್‌ನ ಮಾಟಗಾತಿಗೆ ಇದ್ದಿದ್ದು ಒಂದೇ ಕಣ್ಣು, ಅದು ದುರ್ಬೀನಿನಷ್ಟು ದೂರ ನೋಡ್ತಿತ್ತು, ಕೈಯಲ್ಲಿ ಪೊರಕೆ ಬದಲು ಛತ್ರಿ. ನೀರು ಕಂಡ್ರೆ ಸಾಯೋಳಿಗೆ ಛತ್ರಿ ಇರಬೇಕಾದ್ದೇ ಅಲ್ವಾ!