ಬಿಸಿಲಿದೆ, ಹಿಮವಿಲ್ಲ; ಆದರೂ ಪಂದ್ಯ ಮುಂದಕ್ಕೆ ಹೋಗುವುದೇಕೆ?

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಗಳು ಜನವರಿಯಲ್ಲಿ ಕೊನೆಯ ಗಳಿಗೆಯಲ್ಲಿ ಮುಂದಕ್ಕೆ ಹೋಗುತ್ತವೆ. ನೋಡಿದರೆ ಮೈದಾನ ಹಸಿರಾಗಿದೆ, ಬಿಸಿಲೂ ಇದೆ. ಮತ್ತೇನು ಅಡ್ಡಿ?

ಅಡ್ಡಿ ಇರುವುದು ಹುಲ್ಲಿನ ಬುಡದಲ್ಲಿ. ಬಿದ್ದ ಹಿಮವನ್ನು ಬಳಿದು ಹಾಕಬಹುದು. ಗೆರೆಗಳು ಕಾಣುವಂತಿದ್ದರೆ ಕಿತ್ತಳೆ ಬಣ್ಣದ ಚೆಂಡಿನಲ್ಲಿ ಆಡಲೂಬಹುದು. ಆದರೆ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿತೆಂದರೆ ನೆಲ ಕಾಂಕ್ರೀಟಿನಷ್ಟು ಗಡುಸು. ಬೂಟಿನಡಿಯ ಮೊಳೆಯಂಥ ಸ್ಟಡ್‌ಗಳು ನೆಲಕ್ಕಿಳಿಯುವುದಿಲ್ಲ, ಇಡೀ ಮೈಭಾರ ಕೆಲವೇ ಮೊನೆಗಳ ಮೇಲೆ ನಿಲ್ಲುತ್ತದೆ. ಓಡುತ್ತ ತಿರುಗಿದರೆ ಕಾಲು ಜಾರುತ್ತದೆ. ಬಿದ್ದರೆ ಮೊಣಕಾಲಿಗೆ, ಸೊಂಟಕ್ಕೆ, ತಲೆಗೆ ಪೆಟ್ಟು.

ಇದಕ್ಕಿಂತ ಕೆಟ್ಟದ್ದು ಅರೆಬರೆ ಕರಗಿದ ಮೈದಾನ. ಬಿಸಿಲಿಗೆ ಮೇಲಿನ ಒಂದೆರಡು ಸೆಂಟಿಮೀಟರ್ ಕರಗಿ ಕೆಸರಾಗುತ್ತದೆ. ಕೆಳಗಿನ ಪದರ ಗಟ್ಟಿಯಾಗಿಯೇ ಇರುವುದರಿಂದ ನೀರು ಇಂಗಲು ದಾರಿಯಿಲ್ಲ. ದೂರದಿಂದ ನೋಡುವವರಿಗೆ ಆಡಬಹುದು ಅನ್ನಿಸುವುದು ಇಂಥ ನೆಲವೇ.

ಬಿಸಿಲು ಎಲ್ಲ ಕಡೆ ಬೀಳುವುದೂ ಇಲ್ಲ. ಲಿವರ್‌ಪೂಲ್‌ನಲ್ಲಿ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲೇರುತ್ತಾನೆ. ದಕ್ಷಿಣಕ್ಕೆ 20 ಮೀಟರ್ ಎತ್ತರದ ಪ್ರೇಕ್ಷಕರ ಸ್ಟ್ಯಾಂಡ್ ಇದ್ದರೆ ಅದರ ನೆರಳು 80 ಮೀಟರ್ ದಾಟುತ್ತದೆ. ದೊಡ್ಡ ಕ್ರೀಡಾಂಗಣಗಳಲ್ಲಿ ಆಟದ ಅಂಕಣದ ಅಗಲವೇ 68 ಮೀಟರ್. ಹಾಗಾಗಿ ರೆಫರಿ ಪರೀಕ್ಷೆಗೆ ಬಂದಾಗ ನೆರಳಿನ ಮೂಲೆಗಳಿಗೆ, ಗೋಲಿನ ಮುಂಭಾಗಕ್ಕೆ ಹೋಗಿ ಹಿಮ್ಮಡಿ ಊರಿ ಒತ್ತುತ್ತಾರೆ, ಚೆಂಡು ಪುಟಿಸುತ್ತಾರೆ. ಒಂದೇ ಮೂಲೆ ಗಟ್ಟಿಯಿದ್ದರೂ ಪಂದ್ಯ ನಿಲ್ಲಿಸುವುದೇ ಸರಿ. ಮೆತ್ತನೆಯ ನೆಲದಿಂದ ಗಡುಸು ನೆಲಕ್ಕೆ ವೇಗವಾಗಿ ಓಡಿಬಂದವರಿಗೆ ಹೆಜ್ಜೆ ಬದಲಿಸಲು ಸಮಯವೇ ಸಿಗದು.

ತಡೆಯಲು ಅಗ್ಗದ ಉಪಾಯ ಹೊದಿಕೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಶಾಖ ಆಕಾಶಕ್ಕೆ ಸೋರಿಹೋಗುತ್ತದೆ. ಗಾಳಿಯ ಉಷ್ಣಾಂಶ 2–3 ಡಿಗ್ರಿ ಸೆಲ್ಸಿಯಸ್ ಇದ್ದರೂ ಹುಲ್ಲಿನ ಮಟ್ಟದಲ್ಲಿ ಸೊನ್ನೆಗಿಂತ ಕೆಳಗಿಳಿಯಬಹುದು. ಆದ್ದರಿಂದ ಹಿಂದಿನ ದಿನ ಸೂರ್ಯ ಮುಳುಗುವ ಮೊದಲೇ ಹಾಸಬೇಕು. ಹೆಪ್ಪುಗಟ್ಟಿದ ಮೇಲೆ ಹಾಸಿದರೆ ಅದು ಬಿಸಿಲನ್ನೇ ತಡೆಯುತ್ತದೆ. ಉಪ್ಪು ಬೇಡವೇ ಬೇಡ, ಹುಲ್ಲು ಸುಟ್ಟುಹೋಗುತ್ತದೆ.

ಹಣವಿರುವ ಕ್ಲಬ್‌ಗಳು ನೆಲದಡಿ ಸುಮಾರು 25–30 ಸೆಂಟಿಮೀಟರ್ ಆಳದಲ್ಲಿ ಕೊಳವೆ ಹೂತು ಬಿಸಿನೀರು ಹರಿಸುತ್ತವೆ. ಮಣ್ಣು ಕಾಯುವುದು ನಿಧಾನ, ಆದ್ದರಿಂದ ಪಂದ್ಯದ ಬೆಳಿಗ್ಗೆ ಚಾಲೂ ಮಾಡಿದರೆ ಪ್ರಯೋಜನವಿಲ್ಲ. ಒಂದೆರಡು ದಿನ ಮೊದಲೇ ಬೇಕು. ಕರಗಿದ ನೀರು ಹೋಗಲು ಚರಂಡಿಯೂ ಬೇಕು. ಲಿವರ್‌ಪೂಲ್‌ನ ಎವರ್ಟನ್ ಕ್ಲಬ್ 1958ರಲ್ಲಿ ತನ್ನ ಗುಡಿಸನ್ ಪಾರ್ಕ್ ಮೈದಾನದಲ್ಲಿ ನೆಲ ಕಾಯಿಸುವ ವಿದ್ಯುತ್ ತಂತಿ ಹೂತಾಗ ಮಂಜುಗಡ್ಡೆ ಚೆನ್ನಾಗಿಯೇ ಕರಗಿತು, ಚರಂಡಿ ಸಾಲಲಿಲ್ಲ; 1960ರಲ್ಲಿ ಮೈದಾನವನ್ನು ಮತ್ತೆ ಅಗೆದು ಹಾಸಬೇಕಾಯಿತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ 1967ರ ಡಿಸೆಂಬರ್ 31ರಂದು, ಗ್ರೀನ್ ಬೇ ನಗರದ ಲ್ಯಾಂಬೋ ಫೀಲ್ಡ್‌ನಲ್ಲಿ ಸುಮಾರು ಮೈನಸ್ 25 ಡಿಗ್ರಿ ಚಳಿ. ನೆಲದಡಿಯ ಕಾಯಿಸುವ ವ್ಯವಸ್ಥೆ ಕೈಕೊಟ್ಟಿತು. ಟಾರ್ಪಾಲಿನ್ ತೆಗೆದೊಡನೆ ಅದರಡಿಯ ತೇವ ಗಡ್ಡೆಕಟ್ಟಿತು. ಹಾಗೆಯೇ ಆಡಿಸಿದರು.

1963ರ ಕಡುಚಳಿಯಲ್ಲಂತೂ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯಾವಳಿಯ ಮೂರನೇ ಸುತ್ತು ಜನವರಿ 5ರಿಂದ ಮಾರ್ಚ್ 11ರವರೆಗೆ ಎಳೆಯಿತು. ಹ್ಯಾಲಿಫ್ಯಾಕ್ಸ್ ಟೌನ್ ಕ್ಲಬ್ ತನ್ನ ಮೈದಾನವನ್ನು ಸ್ಕೇಟಿಂಗ್‌ಗೆ ಬಿಟ್ಟುಕೊಟ್ಟಿತು.

ಅಭಿಮಾನಿಗಳು ಮರೆಯುವ ಸಂಗತಿ ಇನ್ನೊಂದಿದೆ: ಬಿಸಿ ಕೊಳವೆ ಇರುವುದು ಆಟದ ಅಂಕಣದಡಿ ಮಾತ್ರ. ಮೆಟ್ಟಿಲು, ಗೇಟು, ಸುತ್ತಲಿನ ರಸ್ತೆ ಮಂಜುಗಡ್ಡೆಯಾಗಿದ್ದರೆ ಅಂಕಣ ಎಷ್ಟೇ ಚೆನ್ನಾಗಿದ್ದರೂ ಪ್ರೇಕ್ಷಕರ ಸುರಕ್ಷತೆಗಾಗಿ ಪಂದ್ಯ ನಿಲ್ಲಿಸುತ್ತಾರೆ. ದೂರದಿಂದ ಹೊರಡುವವರು ಮೈದಾನ ಪರೀಕ್ಷೆಯ ಸಮಯ ಘೋಷಣೆಯಾಗಿದೆಯೇ ಎಂದು ನೋಡಿ, ಫಲಿತಾಂಶ ಬಂದ ಮೇಲೆ ಹೊರಡಬೇಕು. ನಿಂತು ನೋಡುವ ಕಡೆ ಕಾಂಕ್ರೀಟ್ ಪಾದದ ಶಾಖವನ್ನು ಹೀರುತ್ತದೆ. ಎರಡು ಪದರ ರಟ್ಟಿನ ಮೇಲೆ ನಿಂತರೆ ವ್ಯತ್ಯಾಸ ಗೊತ್ತಾಗುತ್ತದೆ. ಬೂಟು ಬಿಗಿಯಾಗುವಷ್ಟು ಕಾಲುಚೀಲ ತುರುಕಬೇಡಿ, ರಕ್ತಸಂಚಾರ ಕುಗ್ಗಿ ಬೆರಳು ಇನ್ನಷ್ಟು ಮರಗಟ್ಟುತ್ತದೆ.