ಹೊರದಾರಿ ಇಲ್ಲದ ಕಣಿವೆ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಗೆ ಇಳಿದ ನೀರು ಮತ್ತೆಲ್ಲಿಗೂ ಹರಿದು ಹೋಗುವುದಿಲ್ಲ. ಅಲ್ಲಿನ ಅತಿ ತಗ್ಗಾದ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಎದುರಿಗೇ ಟೆಲಿಸ್ಕೋಪ್ ಶಿಖರ, 3,366 ಮೀಟರ್ ಎತ್ತರ. ಭೂಮಿಯ ಹೊರಪದರ ಜಗ್ಗಿ ಸೀಳಿದ್ದರಿಂದ ನಡುವಿನ ನೆಲ ಕುಸಿದು, ಪಕ್ಕದ ಬೆಟ್ಟಗಳು ಎದ್ದಿವೆ. ಪೆಸಿಫಿಕ್ ಮೋಡಗಳು ಸಾಲುಸಾಲು ಬೆಟ್ಟ ದಾಟುವಷ್ಟರಲ್ಲಿ ಬರಿದಾಗುತ್ತವೆ. ವರ್ಷಕ್ಕೆ ಬೀಳುವ ಮಳೆ ಐದಾರು ಸೆಂಟಿಮೀಟರ್, ಅಷ್ಟೇ. ಬೆಟ್ಟ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಕಾಯುತ್ತದೆ. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ವಿಶ್ವದಾಖಲೆ; ಅದನ್ನು ಅನುಮಾನಿಸುವ ಹವಾಮಾನ ತಜ್ಞರೂ ಇದ್ದಾರೆ.

ನೀರು ಆರುತ್ತದೆ, ಅದು ಹೊತ್ತು ತಂದ ಲವಣ ಅಲ್ಲೇ ಉಳಿಯುತ್ತದೆ. ಹಾಗೆ ಉಳಿದದ್ದರಲ್ಲಿ ನಮ್ಮ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದ ಕಚ್ಚಾ ಖನಿಜವೂ ಒಂದು. ಬಿಡಿಸಿಟ್ಟ ಹತ್ತಿಯ ಉಂಡೆಯಂತೆ ಕಾಣುವ ಇದನ್ನು 1880ರ ದಶಕದಲ್ಲಿ ಚೀನೀ ಕೂಲಿಕಾರರು ನೆಲದಿಂದ ಕೆರೆದು ಹಾರ್ಮನಿ ಕಾರ್ಖಾನೆಗೆ ಸಾಗಿಸುತ್ತಿದ್ದರು. ಅಲ್ಲಿ ಅದನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಬೇಕು. ಸುಣ್ಣ, ಕೆಸರು ತಳಕ್ಕೆ ಕೂತ ಮೇಲೆ ತಿಳಿಯನ್ನು ತೊಟ್ಟಿಗಳಿಗೆ ಬಸಿಯಬೇಕು. ತಿಳಿ ತಣಿದಂತೆ, ಒಳಗೆ ಇಳಿಬಿಟ್ಟ ಲೋಹದ ಸರಳುಗಳ ಮೇಲೆ ಬಿಳಿಗಾರ ಹರಳುಗಟ್ಟುತ್ತದೆ. ಬೇಸಿಗೆಯಲ್ಲಿ ಕೆಡುತ್ತಿದ್ದದ್ದು ಈ ಕೊನೆಯ ಹಂತವೇ: ಸುತ್ತಲ ಗಾಳಿಯೇ ಅಷ್ಟು ಬಿಸಿಯಿದ್ದರೆ ತಿಳಿ ತಣಿಯುವುದಾದರೂ ಹೇಗೆ? ಆ ತಿಂಗಳುಗಳಲ್ಲಿ ಕೆಲಸವನ್ನೇ ಎತ್ತರದ ಅಮರ್ಗೋಸಾ ಕಡೆಗೆ ಸಾಗಿಸಿದರು. ಸಿದ್ಧವಾದ ಸರಕು 265 ಕಿ.ಮೀ. ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದದ್ದು ಎರಡು ಬಂಡಿಗಳಲ್ಲಿ. ಹಿಂದೆ ಸುಮಾರು 4,500 ಲೀಟರ್‌ ನೀರಿನ ಟ್ಯಾಂಕು, ಮುಂದೆ 18 ಹೇಸರಗತ್ತೆ, 2 ಕುದುರೆ. ದಾರಿಗೆ ಹತ್ತು ದಿನ.

ಚಿನ್ನ ಹುಡುಕಿ ಹೊರಟು 1849ರಲ್ಲಿ ದಾರಿ ತಪ್ಪಿ ಬಂದವರು ಇದಕ್ಕೆ ಸಾವಿನ ಹೆಸರಿಟ್ಟರು. ಆ ಹೆಸರು ಈ ನೆಲಕ್ಕೆ ಮಾಡಿದ ಅನ್ಯಾಯ. ಟಿಂಬಿಶಾ ಶೊಶೋನಿ ಜನ ಅದಕ್ಕೂ ಬಹಳ ಮೊದಲೇ ಇಲ್ಲಿ ಮೆಸ್ಕೀಟ್ ಎಂಬ ಜಾಲಿಯಂಥ ಮರದ ಕಾಯಿ ಕುಟ್ಟಿ ಹಿಟ್ಟು ಮಾಡಿಕೊಂಡು, ಬೇಸಿಗೆಗೆ ಬೆಟ್ಟ ಹತ್ತಿ, ಚಳಿಗೆ ಇಳಿದು ಬದುಕಿದ್ದರು. ಅವರ ನೆಲದ ಒಂದು ಪಾಲು ಕಾಯ್ದೆಯ ಮೂಲಕ ಮರಳಿ ಅವರ ಹೆಸರಿಗಾಗಲು 2000ನೇ ಇಸವಿ ಬರಬೇಕಾಯಿತು.

ಹಿಮಯುಗದಲ್ಲಿ ಇಲ್ಲಿ ಮ್ಯಾನ್ಲಿ ಎಂಬ ದೊಡ್ಡ ಸರೋವರವಿತ್ತು. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಒಂದೇ ದಿನದಲ್ಲಿ ವರ್ಷದ ಪಾಲನ್ನು ಸುರಿಸಿ ಹೋದಾಗ, ಬ್ಯಾಡ್‌ವಾಟರ್‌ನ ಉಪ್ಪಿನ ಮೇಲೆ ಆ ಸರೋವರ ತೆಳ್ಳಗೆ ಮತ್ತೆ ಹರಡಿತು. ಚಳಿಗಾಲದ ಮಳೆಯೂ ಸೇರಿ ತಿಂಗಳುಗಟ್ಟಲೆ ನಿಂತ ನೀರು ಬಿಸಿಲಿಗೆ ಆರಿ, ನೆಲದ ಮೇಲೆ ಮತ್ತೊಂದು ಪದರ ಉಪ್ಪು ಬಿಟ್ಟಿತು.